ಬೋರಣ್ಣನ ಎಸರು, ಗುವಾಹಟಿಯ ವಿಮಾನ

ಬೀಗರ ಮುಖ ಕಣ್ಣಿಗೆ ಬೀಳದೆ ಕುದಿಯುವ ಎಸರಿಗೆ ರಾಗಿಹಿಟ್ಟು ಹಾಕಿದವನಲ್ಲ ನಮ್ಮ ಅಡುಗೆ ಬೋರಣ್ಣ. ಪಾಲಹಳ್ಳಿಯವನು. ಪಾಂಡವಪುರದಿಂದ ನಾಗಮಂಗಲದವರೆಗೆ ಬೀಗರೂಟವೆಂದರೆ ಅವನೇ ಬರಬೇಕು. ಬಂದವನು ಮೊದಲು ಮನೆಯ ಯಜಮಾನನಿಗೆ ಬಯ್ಯಬೇಕು. ಸೌದೆ ಹಸಿ, ಕುರಿ ಮುದಿ, ಪಾತ್ರೆ ತೂತು. ಬಯ್ಯಿಸಿಕೊಳ್ಳದ ಯಜಮಾನ ತನ್ನ ಮನೆತನಕ್ಕೇನೋ ಕೊರತೆಯಾಯಿತೆಂದು ಕೊರಗುತ್ತಿದ್ದ.

ಅವನಿಗೆ ಗಡಿಯಾರದ ಮೇಲೆ ನಂಬಿಕೆಯಿರಲಿಲ್ಲ, ಬೀಗರ ಮೇಲಂತೂ ಮೊದಲೇ ಇಲ್ಲ. ನನ್ನ ಮಗನ ಮದುವೆಯಲ್ಲಿ ಕೆ.ಆರ್. ಪೇಟೆಯ ಬೀಗರು ಫೋನು ಮಾಡಿ "ಬಂದ್ಬುಟ್ವಿ" ಎಂದಾಗ ನಾನು ಒಲೆಯ ಹತ್ತಿರ ಓಡಿದೆ.

"ಬಂದ್ಬುಟ್ವಿ ಅಂದ್ರೆ ಇನ್ನೂ ಹಲ್ಲುಜ್ತಾವ್ರೆ ಅಂತ. ಸುಮ್ಕೆ ಕೂತ್ಕೊ ಗೌಡ" ಎಂದ. ಅವರು ಬಂದಾಗ ಕಾಫಿಯ ಹೊತ್ತಾಗಿತ್ತು. ಮುದ್ದೆ ಮಾತ್ರ ಹೊಗೆಯಾಡುತ್ತಿತ್ತು.

ಆಮೇಲೆ ಸೈನ್ಯದಲ್ಲಿರುವ ನನ್ನ ತಮ್ಮನ ಮಗ ಗುವಾಹಟಿಯ ಹುಡುಗಿಯನ್ನು ಅಲ್ಲೇ ಮದುವೆಯಾದ. ಬೀಗರೂಟ ನಾಗಮಂಗಲದ ನಮ್ಮ ಮನೆಯಲ್ಲಿ. ಬೀಗರು ವಿಮಾನದಲ್ಲಿ ಬರುತ್ತಾರೆಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಹಾವಿದ್ವಾಂಸನಾದ್ದರಿಂದ ಗುವಾಹಟಿ, ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಫೋನಿನಲ್ಲಿ ತೆಗೆದೆ: ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು, ಪ್ರಯಾಣ ಮೂರು ಗಂಟೆ ಚಿಲ್ಲರೆ. ಊಟದ ದಿನ ಬೆಳಿಗ್ಗೆ ಹುಡುಗ ಫೋನಿನಲ್ಲಿ "ಹೊಂಟ್ವಿ ದೊಡ್ಡಪ್ಪ" ಎಂದದ್ದೇ ತಡ, ಬೆರಳು ಮಡಚಿ ಲೆಕ್ಕ ಹಾಕಿ, ಮಧ್ಯಾಹ್ನಕ್ಕೆ ಸರಿಯಾಗಿ ಹಿಟ್ಟು ಹಾಕೆಂದು ಬೋರಣ್ಣನಿಗೆ ಹೇಳಿದೆ.

"ಮಕ ಕಾಣ್ಲಿ, ಆಕ್ತೀನಿ."

"ಅದು ವಿಮಾನ ಕಣ್ಲಾ, ಪೇಟೆ ಬಸ್ಸಲ್ಲ."

"ವಿಮಾನ ಬಂದು ನಿನ್ ಬಾಗ್ಲಲ್ಲಿ ಇಳೀತದಾ?"

"ಯಜಮಾನ ನಾನು. ಆಕು ಅಂದ್ರೆ ಆಕು."

ಜನ್ಮದಲ್ಲಿ ಮೊದಲ ಸಲ ಬೋರಣ್ಣ ಇನ್ನೊಬ್ಬರ ಮಾತು ಕೇಳಿದ.

ಹುಡುಗ ಹೊರಟದ್ದು ಮನೆಯಿಂದ. ವಿಮಾನ ಹೊರಡಲು ಇನ್ನೂ ಬಹಳ ಹೊತ್ತಿತ್ತು. ನಡುವೆ ಕೊಲ್ಕತ್ತದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಇನ್ನು ಬೆಂಗಳೂರನ್ನು ದಾಟಿ ನಾಗಮಂಗಲ ಸೇರುವಷ್ಟರಲ್ಲಿ ಗುವಾಹಟಿಗೆ ವಾಪಸು ಹೋಗಿಬಿಡಬಹುದು. ಬೀಗರು ಕೂರದೆ ನಮ್ಮವರು ಎಲೆ ಮುಂದೆ ಕೂರುವಂತಿಲ್ಲ. ಎಲ್ಲರೂ ಕೂತಾಗ ಸಂಜೆ. ಇನ್ನೂರು ಜನದ ಮುದ್ದೆ ಕಲ್ಲಾಗಿತ್ತು. ಬೀಗರಿಗೇನೂ ಬೇಸರವಾಗಲಿಲ್ಲ, ಅನ್ನ ಕೇಳಿ ಉಂಡರು. ಮುದ್ದೆ ಮುರಿಯಲು ಹೆಣಗುತ್ತಿದ್ದ ನಮ್ಮವರು ಗೊಣಗತೊಡಗಿದಾಗ ನಾನು ಪಂಕ್ತಿಯ ನಡುವೆ ನಿಂತು, "ಇವ್ನಿಗೆ ವಯಸ್ಸಾಯ್ತು. ತಡಿಯೋ ಅಂದ್ರೂ ಕೇಳ್ದೆ ಹಿಟ್ಟು ಸುರ್ದ್ಬುಟ್ಟ" ಎಂದೆ.

ಬೋರಣ್ಣ ಸೌಟು ಹಿಡಿದು ಅಲ್ಲೇ ನಿಂತಿದ್ದ. ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ.

ಆಮೇಲೆ ಅವನನ್ನು ಅಡುಗೆಗೆ ಕರೆಯುವವರು ಕಡಿಮೆಯಾದರು, ಕೊನೆಗೆ ಯಾರೂ ಇಲ್ಲವಾದರು. ನನ್ನ ಆತ್ಮಸಾಕ್ಷಿ ನಿಧಾನದ ಪ್ರಾಣಿ. ಎರಡು ವರ್ಷ ಬಿಟ್ಟು ಪಾಲಹಳ್ಳಿಗೆ ಹೋದೆ. ಮನೆಯಲ್ಲಿ ಅವನೊಬ್ಬನೇ ಇದ್ದ. "ತಪ್ಪಾಯ್ತು ಕಣ್ಲಾ ಬೋರ" ಎಂದೆ.

"ಅವತ್ತು ಅಷ್ಟು ಜನದ ಮುಂದೆ ಅಂದೆ. ಇವತ್ತು ನನ್ ಕಿವೀಲಿ ಏಳ್ತೀಯಾ? ಅವ್ರ್ನೆಲ್ಲ ಕರ್ಕಂಡ್ ಬಾ ಓಗು."

ಹೋದ ಸುಗ್ಗಿಯಲ್ಲಿ ಅವನು ಸತ್ತಾಗ ಮಣ್ಣಿಗೆ ಅವರೆಲ್ಲ ಬಂದಿದ್ದರು. ಕರೆತರುವ ಕಷ್ಟವನ್ನೂ ಅವನು ನನಗೆ ಕೊಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ತಮ್ಮ ನಾಲ್ಕು ಜನಕ್ಕೆ ಕೇಳುವಂತೆ, "ಒಳ್ಳೆ ಕೈ ಕಣಣ್ಣ. ನಮ್ಮನೇಲಿ ಒಂದ್ಸಲ ಎಡವ್ದ, ಅಷ್ಟೆ" ಎಂದ.

ನಾನು "ಹೂಂ" ಎಂದೆ.