ಟೈಪಿಂಗ್ ಮೇಡಂ ಹುಡುಕಿಕೊಟ್ಟ ಬಾರ್ಡರುಗಳು

ಅವರ ಎರಡೂ ಕಿರುಬೆರಳುಗಳು ಒಳಕ್ಕೆ ಬಾಗಿದ್ದವು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಹಾಗಾಯಿತು ಎನ್ನುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ನಮ್ಮ ಕಡೆಯವರಿಗೆಲ್ಲ ಅವರು ಟೈಪಿಂಗ್ ಮೇಡಂ. ಟೈಪಿಂಗ್ ಹೋಗಿ ಕಂಪ್ಯೂಟರ್ ಬಂದಾಗ ತಾವೇ ಪುಸ್ತಕ ಓದಿ ಕಲಿತು, ಅದನ್ನೂ ಕಲಿಸಿದರು. ಕಲಿಯುವವರು ಯಾರೂ ಬರದಾದಾಗ ಬೋರ್ಡು ಇಳಿಸಿದರು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಳೆಯ ಕಂಪ್ಯೂಟರೊಂದನ್ನು ಆನ್ ಮಾಡಿಡುತ್ತಿದ್ದರು. ಯಾಕೆ ಮೇಡಂ ಎಂದು ಕೇಳಿದರೆ, "ಅದ್ರ ಫ್ಯಾನ್ ಸದ್ದಿದ್ರೆ ಮನೇಲಿ ಇನ್ನೊಬ್ರು ಇದ್ದಂಗಿರುತ್ತಪ್ಪ" ಎಂದಿದ್ದರು.

ನನ್ನ ಹೆಂಡತಿ ಅವರ ಕೊನೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಅಲ್ಲಿ ಕಲಿತು, ನಮ್ಮ ಮಗ್ಗದ ಸೀರೆಗಳಿಗೆ ಲ್ಯಾಪ್‌ಟಾಪಿನಲ್ಲೇ ಬಾರ್ಡರ್ ಬಿಡಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಎರಡು ವರ್ಷ ನಾನು ಅದನ್ನು ಮುಟ್ಟಲಿಲ್ಲ. ಒಂದು ದಿನ ತೆರೆದವನು, ಜಾಗ ಸಾಲದೆಂದು ಏನೂ ತಿಳಿಯದೆ ಡಿಸ್ಕಿನ ಒಂದು ಭಾಗವನ್ನು ಅಳಿಸಿಬಿಟ್ಟೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷು. ಪೇಟೆಯ ಎರಡು ಅಂಗಡಿಗಳಲ್ಲೂ, "ಫಾರ್ಮ್ಯಾಟ್ ಮಾಡ್ಬೇಕು, ಒಳಗಿರೋದೆಲ್ಲ ಹೋಗುತ್ತೆ" ಎಂದರು. ಕೊನೆಗೆ ಮೇಡಂ ಬಳಿ ಒಯ್ದೆ.

ಅವರು ಕನ್ನಡಕ ಒರೆಸಿಕೊಂಡು, ಆ ಸಾಲನ್ನು ಮೊದಲು ನೋಟ್‌ಬುಕ್ಕಿಗೆ ಬರೆದುಕೊಂಡರು. ಬರೆದುಕೊಳ್ಳದೆ ಒಂದು ಕೀಲಿಯನ್ನೂ ಒತ್ತುವವರಲ್ಲ.

"ಏನೂ ಹೋಗಿಲ್ಲ, ಹೆದರ್ಬೇಡ. ನೀನು ಬೀದೀಲಿ ನಡುವಿನ ಮನೆ ಕೆಡವಿದೀಯ, ಮುಂದಿನ ಮನೆಗಳ ನಂಬರೆಲ್ಲ ಬದಲಾಗಿದೆ. ಇದನ್ನ ಎಬ್ಬಿಸೋ ಬೂಟ್‌ಲೋಡರ್ ಇದೆಯಲ್ಲ, ಅದು ಹಳೇ ನಂಬರ್ ಹಿಡ್ಕೊಂಡು ಹುಡುಕ್ತಾ ನಿಂತಿದೆ."

ಮೊದಲ ದಿನ ಆಗಲಿಲ್ಲ. "ನಂದೇ ತಪ್ಪು ಕಣಪ್ಪ, ಅವಸರ ಮಾಡ್ದೆ. ನಾಳೆ ಬಾ" ಎಂದರು. ಮರುದಿನ ಮಧ್ಯಾಹ್ನ ಒಂದೊಂದೇ ಭಾಗದ ನಂಬರ್ ಕೊಟ್ಟು ನೋಡುತ್ತ, ತಪ್ಪಿದ್ದನ್ನು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕುತ್ತ ಹೋದರು. ಆರನೆಯದಕ್ಕೆ ಪರದೆ ಬೆಳಗಿತು. ಅವಳ ಫೋಲ್ಡರುಗಳು, ಅವಳೇ ಇಟ್ಟ ಹೆಸರುಗಳು: ಹುಣಸೆ ಎಲೆ, ಅಕ್ಕನ ಮದುವೆ, ಇದು ಬೇಡ.

ಮೇಡಂ ಕುರ್ಚಿಯಿಂದ ಎದ್ದರು. "ನೀನು ನೋಡ್ತಿರು, ನಾನು ಕಾಫಿ ಮಾಡ್ತೀನಿ" ಎಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಅತ್ತು ಮುಗಿಸಿ ಮುಖ ಒರೆಸಿಕೊಂಡ ಮೇಲೆಯೇ ಲೋಟಗಳು ಹೊರಗೆ ಬಂದವು.

"ಕ್ಲಾಸಲ್ಲಿ ಬೆನ್ನು ನೆಟ್ಟಗಿಟ್ಕೊಂಡು ಕೂರ್ತಿದ್ದೋಳು ಅವಳೊಬ್ಬಳೇ" ಎಂದರು.

ಅಲ್ಲಿಯವರೆಗೆ ನನ್ನೆದುರು ಅವಳ ಮಾತೆತ್ತಲು ಎಲ್ಲರೂ ಹೆದರುತ್ತಿದ್ದರು. ಅಂದು ಸಂಜೆಯವರೆಗೂ ಇಬ್ಬರೂ ಅವಳ ಬಗ್ಗೆಯೇ ಮಾತಾಡಿದೆವು.

ಹುಣಸೆ ಎಲೆಯ ಬಾರ್ಡರನ್ನೇ ಮಗ್ಗಕ್ಕೆ ಹಾಕಿದೆ. ಕೆಲಸದಲ್ಲಿ ಮುಳುಗಿ ಆ ಕಡೆ ಹೋಗಲಾಗಲಿಲ್ಲ. ಸೀರೆ ಮಗ್ಗದಿಂದ ಇಳಿದ ದಿನ ತೋರಿಸಲು ಹೋದರೆ ಬಾಗಿಲಿಗೆ ಬೀಗ. ಎದೆನೋವೆಂದು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು, ತೀರಿಕೊಂಡು ಒಂಬತ್ತು ದಿನವಾಯಿತು ಎಂದಳು ಪಕ್ಕದ ಮನೆಯಾಕೆ. "ಹೊಸಕೋಟೆಯಿಂದ ಅವ್ರ ತಂಗಿ ಮಗಳು ಬಂದು ಎಲ್ಲ ಮುಗಿಸಿದ್ಲು. ಯಾರ್ಯಾರಿಗೆ ಹೇಳ್ಬೇಕು ಅಂತ ನಮಗೂ ಗೊತ್ತಾಗ್ಲಿಲ್ಲ."

ನನಗೆ ಹೇಳಬಹುದಿತ್ತಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಮೂರೇ ಬೀದಿ ಆಚೆ ಇದ್ದುಕೊಂಡು, ಎರಡು ತಿಂಗಳು ಅವರನ್ನು ಹೇಗಿದ್ದೀರಿ ಎಂದು ಕೇಳದವನು ನಾನು.