ಎಡಬದಿಯಲ್ಲಿ ನಾನಿದ್ದೆ

ಫಕೀರಪ್ಪಣ್ಣ, ಆ ದಿನ ನೀವು ಕುಡಿದಿರಲಿಲ್ಲ. ಜೋರಾಗಿಯೂ ಬಂದಿರಲಿಲ್ಲ. ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಕೈಮಾಡಿ ನಿಮ್ಮ ಟ್ರ್ಯಾಕ್ಟರನ್ನು ಕರೆದವಳು ನಾನು. ಊರೆಲ್ಲ ನೋಡಿದ ವಿಡಿಯೋದಲ್ಲಿ ಆ ಕೈ ಇಲ್ಲ. ಅದನ್ನು ಕತ್ತರಿಸಿ ತೆಗೆದವಳೂ ನಾನೇ.

ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ನಾಚಿಕೆ ಎನ್ನುವ ಮಾತು ಇಲ್ಲಿ ಸಾಲದು. ನನಗೆ ಸಿಟ್ಟು ಬರುತ್ತದೆ — ಮೊದಲು ನನ್ನ ಮೇಲೆ, ಆಮೇಲೆ ನನ್ನ ಒಂದು "ಹೂಂ" ಮೇಲೆ ನಂಬಿಕೆಯಿಟ್ಟು ನಿಮ್ಮನ್ನು ಹೊಡೆದವರ ಮೇಲೆ, ಮತ್ತೆ ತಿರುಗಿ ನನ್ನ ಮೇಲೆಯೇ.

ಇದನ್ನು ಓದುವ ಬೇರೆಯವರಿಗೆ ನಾನು ಯಾರೆಂದು ಹೇಳಬೇಕು. ನನ್ನ ಹೆಸರು ವಿದ್ಯಾ. ಬೈಲಹೊಂಗಲದಲ್ಲಿ, ಪೇಟೆಯ ಒಳಗಿನ ಓಣಿಯಲ್ಲಿ ನನ್ನದೊಂದು ಅಂಗಡಿ. ಧಾರವಾಡದಲ್ಲಿ ಚಿತ್ರಕಲೆ ಓದಿ ಬಂದವಳು ಎಂಬ ಬಿಂಕದಿಂದ ಬೋರ್ಡಿನ ಮೇಲೆ "ಆರ್ಟ್ ಡೈರೆಕ್ಷನ್" ಎಂದು ಬರೆಸಿದ್ದೆ. ಲಗ್ನಪತ್ರಿಕೆ, ಫ್ಲೆಕ್ಸ್, ಶಾಲೆಯ ಸ್ನೇಹಸಮ್ಮೇಳನದ ವೇದಿಕೆ, ಉಪ್ಪಿನಕಾಯಿ ಪ್ಯಾಕೆಟ್ಟಿನ ಚಿತ್ರ — ಎಲ್ಲ ಮಾಡುತ್ತಿದ್ದೆ. ಆದರೆ ಹೆಸರು ತಂದದ್ದು ಲಗ್ನಕ್ಕೆ ಮೊದಲಿನ ಫೋಟೋ ಕೆಲಸ. ಹುಡುಗ ಹುಡುಗಿ ಎಲ್ಲಿ ನಿಲ್ಲಬೇಕು, ಯಾವ ಬಣ್ಣ ಉಡಬೇಕು, ಹಿಂದೆ ಏನು ಕಾಣಬೇಕು — ಇದನ್ನು ನಾನು ಹೇಳುತ್ತಿದ್ದೆ. ಕ್ಯಾಮೆರಾ ಹಿಡಿಯುವವನು ಮಂಜು.

ಆ ಸಲದ ಹುಡುಗಿ ಸವಿತಾ, ನೇಸರಗಿಯ ಕಡೆಯ ಒಕ್ಕಲುತನದ ಮನೆಯವಳು. ಬೆಳಿಗ್ಗೆ ಕಿತ್ತೂರಿನ ಕೋಟೆಯಲ್ಲಿ ತೆಗೆದ ಚಿತ್ರಗಳು ನನಗೆ ಸಪ್ಪೆ ಎನಿಸಿದ್ದವು. ಎಲ್ಲರೂ ಅಲ್ಲೇ ತೆಗೆಸುತ್ತಾರೆ. ನನಗೆ ಬೇರೆಯದು ಬೇಕಿತ್ತು. ಬಾಡಿಗೆಗೆ ತಂದ ಉದ್ದ ಬಾಲದ ಕೆಂಪು ಗೌನು ಇತ್ತಲ್ಲ — ಅದರ ಬಾಲವನ್ನು ಒಬ್ಬರು ಗಾಳಿಗೆ ಎಸೆದು ಪಕ್ಕಕ್ಕೆ ಓಡಬೇಕು, ಆಗ ಅದು ಹಾರಿದಂತೆ ಬರುತ್ತದೆ. ಕೆಂಪು ಬಟ್ಟೆ ಹಾರಬೇಕು, ಹಿಂದೆ ಗೋಡೆಯಂತೆ ಕಬ್ಬಿನ ಹೇರು ದಾಟಬೇಕು. ನೇಸರಗಿಯಿಂದ ಯರಗಟ್ಟಿಗೆ ಹೋಗುವ ರಸ್ತೆಯ ಬದಿಗೆ ಸವಿತಾಳನ್ನೂ ಅವಳನ್ನು ಲಗ್ನವಾಗುವ ಹುಡುಗನನ್ನೂ ನಿಲ್ಲಿಸಿದೆ. ಕಬ್ಬು ಕಡಿಯುವ ಕಾಲ. ಒಂದರ ಹಿಂದೆ ಒಂದು ಟ್ರ್ಯಾಕ್ಟರು ಬರುತ್ತಿದ್ದವು. ಅವುಗಳಲ್ಲಿ ನಿಮ್ಮದನ್ನು ನಾನು ಆರಿಸಿದೆ, ಫಕೀರಪ್ಪಣ್ಣ. ಹೇರು ಎತ್ತರವಾಗಿತ್ತು, ಅಷ್ಟೇ ಕಾರಣ.

ನೀವು ಕೇಳಿದ ತಕ್ಷಣ ಒಪ್ಪಲಿಲ್ಲ. ಇದನ್ನು ನಾನು ಪೊಲೀಸರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಉಳಿದವರಿಗೆ ಕೇಳದಷ್ಟು ದೂರದಲ್ಲಿ ಗಾಡಿ ನಿಲ್ಲಿಸಿ, ಮೇಲಿಂದ ಬಗ್ಗಿ ನನಗೆ ತಿಳಿಸಿ ಹೇಳಿದಿರಿ:

"ಅಕ್ಕಾರ, ಟ್ರೇಲರ್ ಎರಡ ಅದಾವ. ಹಿಂದಿಂದು ಓಲಾಡತೈತಿ. ಅಷ್ಟ ಸನೇಕ ತರಾಕ ಬರಂಗಿಲ್ರಿ. ಅವರನ್ನ ಒಂಚೂರು ಸರಿಸಿ ನಿಂದ್ರಸ್ರಿ."

ಸರಿಸಿದರೆ ಚಿತ್ರ ಕೆಡುತ್ತಿತ್ತು. ನಾನು ನಕ್ಕೆ. "ಏನೂ ಆಗಂಗಿಲ್ಲ, ನೀವು ನಿಧಾನಕ ಬರ್ರಿ. ನಾ ಕೈ ಮಾಡತೇನಿ, ಅದನ್ನ ನೋಡಕೋತ ಬರ್ರಿ," ಎಂದೆ. ಆಗ ನೀವೂ ನಕ್ಕಿರಿ. "ನನ್ನ ಫೋಟೋನೂ ಬರತೈತೇನ್ರಿ? ತಡೀರಿ ಹಂಗಾರ, ರುಮಾಲ ಸರಿ ಸುತ್ತಗೋತೇನಿ. ಮನ್ಯಾಗ ನೋಡಿದ್ರ ನಗಬಾರದಲಾ."

ರುಮಾಲು ಸುತ್ತಿಕೊಂಡು ಬಂದಿರಿ. ನಿಧಾನ — ಎತ್ತಿನ ಬಂಡಿಯಷ್ಟು ನಿಧಾನ. ಕಣ್ಣು ನನ್ನ ಕೈಯ ಮೇಲೆ. ನಾನು ಇನ್ನೂ, ಇನ್ನೂ ಎಂದು ಕೈ ಬೀಸಿದೆ. ಇಂಜಿನ್ನು ದಾಟಿತು, ಮೊದಲ ಟ್ರೇಲರ್ ದಾಟಿತು. ನಾನು ಬಾಗಿ ಗೌನಿನ ಬಾಲ ಎತ್ತಿ ಎಸೆದೆ. ಗಾಳಿ ನಾನು ಅಂದುಕೊಂಡ ಕಡೆಗೆ ಇರಲಿಲ್ಲ. ಬಟ್ಟೆ ಎರಡು ಟ್ರೇಲರುಗಳ ನಡುವಿನ ಕೊಂಡಿಗೆ ಹೋಗಿ ಸಿಕ್ಕಿತು.

ಈಗಲೂ — ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರೋ ಸೀರೆ ಒಣಗಿಸಲು ಕೊಡವಿದಾಗ — ಆ ಬಟ್ಟೆ ಬಿಗಿಯಾದದ್ದು ಕಾಣುತ್ತದೆ. ಸವಿತಾ ಕ್ಯಾಮೆರಾ ಕಡೆ ನಗುತ್ತಿದ್ದಳು. ನಗು ಮುಖದ ಮೇಲೆ ಇರುವಾಗಲೇ ಬೆನ್ನ ಮೇಲೆ ಬಿದ್ದಳು. ಹಿಂದಿನ ಟ್ರೇಲರಿನ ಗಾಲಿ ಅವಳ ತಲೆಯ ಕಡೆಗೆ — ಇಲ್ಲ, ಅದು ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ನನಗೆ ಅದು ಮುಟ್ಟುತ್ತದೆ.

ಮುಟ್ಟದಿದ್ದದ್ದು ನಿಮ್ಮಿಂದ. ಕನ್ನಡಿಯಲ್ಲಿ ಕಂಡಿತ್ತೇನೋ, ಅವಳ ಚೀರಾಟ ಕೇಳುವ ಮೊದಲೇ ಬ್ರೇಕು ಒತ್ತಿದ್ದಿರಿ. ಅಷ್ಟು ಹೇರಿದ್ದ ಗಾಡಿ ಸ್ವಲ್ಪ ದೂರ ಎಳೆದು ನಿಂತಿತು. ನೀವು ಕಬ್ಬು ಕಡಿಯುವ ಕೊಯ್ತಾ ಹಿಡಿದು ಹಾರಿ ಇಳಿದು ಬಟ್ಟೆಯನ್ನು ಕಡಿದು ಬಿಡಿಸಿದಿರಿ. ನಾನು ನಿಂತಲ್ಲೇ ನಿಂತಿದ್ದೆ.

ಹುಡುಗನೂ ಮಂಜುವೂ ಕಾರು ತರಲು ಓಡಿದರು. ಹೊಲದಿಂದ, ಚಹಾದ ಅಂಗಡಿಯಿಂದ ಜನ ಓಡಿ ಬಂದರು. ಅವರಿಗೆ ಕಂಡದ್ದು — ನೆಲದ ಮೇಲೆ ರಕ್ತ ಸುರಿಸುತ್ತ ಬಿದ್ದ ಹುಡುಗಿ, ಅವಳ ಮೇಲೆ ಕೊಯ್ತಾ ಹಿಡಿದು ಬಗ್ಗಿದ ಗಂಡಸು. ಒಬ್ಬ ನಿಮ್ಮ ಅಂಗಿ ಹಿಡಿದ. ಇನ್ನೊಬ್ಬ ನನ್ನತ್ತ ತಿರುಗಿ ಕೇಳಿದ:

"ಕುಡಿದಾನೇನ್ರಿ ಅಂವ?"

ಆ ಕ್ಷಣಕ್ಕೆ ನನ್ನ ಮುಂದೆ ಇದ್ದದ್ದು ಎರಡೇ ಮಾತು. ಇಲ್ಲ, ನಾನೇ ಕರೆದದ್ದು — ಎಂದರೆ ಆ ಕೈಗಳು ನನ್ನ ಕಡೆ ಬರುತ್ತವೆ. ಹೆಂಗಸು ಎಂದು ಬಿಡುತ್ತಿದ್ದರೇನೋ. ಬಿಡುತ್ತಿದ್ದರು, ಖಂಡಿತ. ಆದರೆ ನನ್ನ ಅಂಗಡಿ, ನನ್ನ ಹೆಸರು —

"ಹೂಂ," ಎಂದೆ.

ಯಾರೋ ಹಿಂದಿನಿಂದ, "ಜೋಶಿಯವರ ಮಗಳಾಕಿ, ಪಂಚಾಂಗ ಹೇಳೋ ಮನಿ. ಆಕಿ ಯಾಕ ಸುಳ್ಳ ಹೇಳ್ತಾಳ?" ಎಂದದ್ದು ಕೇಳಿಸಿತು. ನನ್ನ ಮನೆತನ ಒಂದು ಸಾಕ್ಷಿಯಾಯಿತು; ನಿಮ್ಮ ತೂಗಾಡದ ಕಾಲು, ನಿಮ್ಮ ಸ್ಪಷ್ಟ ಮಾತು ಯಾವುದೂ ಸಾಕ್ಷಿಯಾಗಲಿಲ್ಲ. "ಅಕ್ಕಾರ, ಹೇಳ್ರಿ, ನೀವ ಹೇಳ್ರಿ ಅವರಿಗೆ," ಎಂದು ನೀವು ನನ್ನನ್ನೇ ಕರೆಯುತ್ತಿದ್ದಿರಿ. ಮೊದಲ ಏಟಿಗೆ ರುಮಾಲು ಬಿಚ್ಚಿ ಬಿತ್ತು. ನಾನು ಸವಿತಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕುಳಿತೆ. ಅಳು ಖರೆ. ಆದರೆ ಅದರ ಹಿಂದೆ ಅಡಗಿ ಕುಳಿತಿದ್ದೆ ಎಂಬುದೂ ಖರೆ.

ಇಲ್ಲಿಗೇ ನಿಂತಿದ್ದರೆ, ಹೆದರಿ ಆಡಿದ ಮಾತು ಎಂದು ಹೇಳಿಕೊಳ್ಳಬಹುದಿತ್ತೇನೋ. ನಿಲ್ಲಲಿಲ್ಲ.

ಸಂಜೆ ಸವಿತಾಳ ಹುಡುಗನ ಚಿಕ್ಕಪ್ಪ, ಎಲ್ಲರೂ ಕಾಕಾ ಎನ್ನುವವರು, ಅಂಗಡಿಗೆ ಬಂದರು. ನಾಲ್ಕು ಜನರಲ್ಲಿ ಮಾತು ನಡೆಯುವ ಮನುಷ್ಯ. ಸವಿತಾಳ ಭುಜದ ಎಲುಬು ಮುರಿದಿದೆ, ಬೆನ್ನು ಸುಲಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿ, ವಿಡಿಯೋ ಇದ್ದರೆ ಕಳಿಸಿ ಎಂದರು. ಅದನ್ನು ತಿದ್ದಿ ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ.

ಮಂಜು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಪರದೆಯ ಅಂಚಿಗೆ ಬೆರಳಿಟ್ಟು, "ಮೇಡಂ, ಎಡಗಡೆ ನೀವು ಅದೀರಿ," ಎಂದ. ಇದ್ದೆ. ಚೌಕಟ್ಟಿನ ಅಂಚಿನಲ್ಲಿ, ಮೊಣಕೈವರೆಗೂ ತೋಳೇರಿಸಿ, ಎರಡೂ ಕೈ ಬೀಸಿ ಕರೆಯುತ್ತ, ಆಮೇಲೆ ಅಲ್ಲಿಂದಲೇ ಬಾಗಿ ಬಾಲ ಎಸೆಯುತ್ತ. ಅವನನ್ನು ಚಹಾಕ್ಕೆ ಕಳಿಸಿದೆ.

ವಿಡಿಯೋ ಅಡ್ಡವಾಗಿತ್ತು. ಫೋನಿನಲ್ಲಿ ಜನ ನೋಡುವುದು ಉದ್ದುದ್ದವಾಗಿ. ಅಡ್ಡದ್ದನ್ನು ರೀಲ್ ಅಳತೆಗೆ ತರಬೇಕೆಂದರೆ ಎರಡೂ ಬದಿ ಕತ್ತರಿಸಲೇಬೇಕು — ದಿನಾ ಮಾಡುವ ಕೆಲಸ. ನಾನೂ ಅಷ್ಟೇ ಮಾಡುತ್ತಿದ್ದೇನೆ ಎಂದುಕೊಂಡೆ. ಸವಿತಾ ಉಳಿದಳು, ನಿಮ್ಮ ಟ್ರ್ಯಾಕ್ಟರು ಉಳಿಯಿತು, ಎಡಬದಿ ಹೋಯಿತು.

ಇನ್ನೊಂದಿದೆ. ಇದು ಮಂಜುಗೂ ಇವತ್ತಿನವರೆಗೆ ಗೊತ್ತಿಲ್ಲ. ಲಗ್ನದ ವಿಡಿಯೋದಲ್ಲಿ ಎಲ್ಲ ತೇಲಿದಂತೆ ಕಾಣಲಿ ಎಂದು ನಾವು ನಿಧಾನಗತಿಯಲ್ಲಿ ತೆಗೆಯುತ್ತೇವೆ. ಅದನ್ನು ನಿಜವಾದ ವೇಗಕ್ಕೆ ತಂದೆ. ನೋಡಿದೆ. ಟ್ರ್ಯಾಕ್ಟರು ಮೆಲ್ಲಗೆ, ಪಾಪದ ಪ್ರಾಣಿಯ ಹಾಗೆ ಬರುತ್ತಿತ್ತು. ಅದನ್ನು ನೋಡಿದರೆ ಯಾರಿಗೂ ಸಿಟ್ಟು ಬರುವಂತಿರಲಿಲ್ಲ. ಹಾಗಾಗಿ ವೇಗವನ್ನು ಇನ್ನಷ್ಟು ಎಳೆದೆ. ಅದು ಎಳೆದದ್ದು ಎಂದು ಗೊತ್ತಾಗದಷ್ಟು, ಆದರೆ ನೋಡಿದವರ ಎದೆ ಧಸಕ್ಕೆನ್ನುವಷ್ಟು. ಸದ್ದು ತೆಗೆದು ಹಾಕಿದೆ. ಒಂದು ಒಳ್ಳೆಯ ಕೆಲಸ ಮುಗಿಸಿದಾಗ ಆಗುತ್ತದಲ್ಲ, ಭುಜ ಹಗುರಾಗುವುದು — ಅದು ಆಯಿತು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಕಾಕಾ ಅದನ್ನು ಎಲ್ಲ ಕಡೆ ಕಳಿಸಿದರು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಯಾವ ಗುಂಪಿನಲ್ಲೂ ಅದು ಬಾರದೆ ಉಳಿಯಲಿಲ್ಲ. ಪೊಲೀಸರು ಅವತ್ತೇ ನಿಮ್ಮನ್ನು ಪರೀಕ್ಷೆ ಮಾಡಿಸಿದ್ದರು, ಕುಡಿದಿರಲಿಲ್ಲ ಎಂದು ಬಂದಿತ್ತು. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಅಜಾಗರೂಕ ಚಾಲನೆಯ ಕೇಸು ಮಾತ್ರ ನಿಂತಿತು. ಟ್ರ್ಯಾಕ್ಟರಿನ ಮಾಲೀಕ ನಿಮ್ಮನ್ನು ಕೆಲಸದಿಂದ ಬಿಡಿಸಿದ. ಹೊಡೆತಕ್ಕೆ ಬಲಗಣ್ಣಿನ ದೃಷ್ಟಿ ಹೋಯಿತು, ಇನ್ನು ಸ್ಟಿಯರಿಂಗ್ ಹಿಡಿಯುವ ಹಾಗಿಲ್ಲ ಎಂಬುದು ನನ್ನ ಕಿವಿಗೂ ಬಿತ್ತು. ನಾನು ಕೇಳದವಳಂತೆ ಇದ್ದೆ. ಸವಿತಾ ಲಗ್ನವಾಗಿ, ಒಂದು ದಿನ ಅಂಗಡಿಗೆ ಬಂದಾಗ ಕೇಳಿದಳು: "ಅಕ್ಕಾ, ಅಂವ ಖರೇನ ಕುಡಿದಿದ್ನ?" ಅವಳಿಗೂ ಹೂಂ ಎಂದೆ. ಈ ಸಲ ಹೆದರಿಸುವವರು ಯಾರೂ ಎದುರಿಗಿರಲಿಲ್ಲ.

ಕಳೆದ ವರ್ಷ ಒಂದು ಸಂಘದವರು ರಸ್ತೆ ಸುರಕ್ಷತೆಯ ಫ್ಲೆಕ್ಸ್ ಮಾಡಿಕೊಡಲು ಹೇಳಿದರು. ಟ್ರ್ಯಾಕ್ಟರಿನ ಚಿತ್ರ ಬೇಕಿತ್ತು. ಹುಡುಕುವ ಸೋಮಾರಿತನಕ್ಕೆ ಅದೇ ವಿಡಿಯೋದಿಂದ ನಿಮ್ಮನ್ನೇ ಕತ್ತರಿಸಿ ತೆಗೆದೆ. ಮುಖಕ್ಕೆ ಕಪ್ಪು ತುಂಬಿದೆ, ಹಿಂದೆ ಕೆಂಪು ಬಳಿದೆ, ಕೆಳಗೆ "ಒಂದು ಕ್ಷಣದ ಮತ್ತು, ಒಂದು ಜೀವಕ್ಕೆ ಕುತ್ತು" ಎಂದು ಬರೆದೆ. ಯರಗಟ್ಟಿಯಲ್ಲಿ ಬಸ್ಸು ನಿಲ್ಲುವ ಕಡೆ ಅದನ್ನು ಕಟ್ಟಿದರು.

ಅಲ್ಲೇ ನಿಮ್ಮನ್ನು ನೋಡಿದೆ. ಪೇಟೆಯಲ್ಲಿ ಚೀಲ ಹೊರುವ ಕೆಲಸಕ್ಕೆ ಬಂದಿದ್ದಿರಿ. ಬಸ್ಸಿನ ಕಿಟಕಿಯಿಂದ ನನಗೆ ಕಂಡದ್ದು ನಿಮ್ಮ ಬೆನ್ನು. ತಲೆಯನ್ನು ಒಂದು ಬದಿಗೆ ತಿರುಗಿಸಿ, ಒಳ್ಳೆಯ ಕಣ್ಣಿನಿಂದ ಆ ಫ್ಲೆಕ್ಸನ್ನು ನೋಡುತ್ತಿದ್ದಿರಿ. ಮುಖ ಕಪ್ಪು ಮಾಡಿದ್ದೆ, ಆದರೆ ರುಮಾಲಿನ ಸುತ್ತು ಹಾಗೆಯೇ ಇತ್ತು. ನಿಮ್ಮ ಜೊತೆಗಿದ್ದವನೊಬ್ಬ ಏನೋ ಹೇಳಿ ನಿಮ್ಮ ಬೆನ್ನ ಮೇಲೆ ತಟ್ಟಿ ನಕ್ಕ. ನೀವು ನಗಲಿಲ್ಲ. ಬಸ್ಸು ಬಿಟ್ಟಿತು. ನಾನು ಇಳಿಯಲಿಲ್ಲ.

ಈ ತಿಂಗಳು ಸವದತ್ತಿಯ ಕೋರ್ಟಿನಿಂದ ನನಗೆ ಸಾಕ್ಷಿ ಹೇಳಲು ಕರೆ ಬಂತು. ಕಾಕಾ ಫೋನು ಮಾಡಿ, "ಮೊದಲ ಏನ ಹೇಳಿದ್ರಿ ಅದನ್ನ ಹೇಳ್ರಿ, ಹೆಚ್ಚಗಿ ಮಾತ ಬ್ಯಾಡ," ಎಂದರು. ಆಯಿತು ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಫೋನು ಕೆಳಗಿಟ್ಟ ಮೇಲೆ ನನಗೆ ನನ್ನ ದನಿಯೇ ಹೇಸಿಗೆಯಾಯಿತು.

ಮರುದಿನ ಕಟಕೋಳಕ್ಕೆ, ನಿಮ್ಮ ಮನೆಗೆ ಬಂದೆ. ನೀವು ಕಟ್ಟೆಯ ಮೇಲೆ ಕುಳಿತಿದ್ದಿರಿ. ನಾನು ಎಲ್ಲ ಹೇಳಿದೆ — ಕೈ ಬೀಸಿದ್ದು, ಹೂಂ ಎಂದದ್ದು, ಕತ್ತರಿಸಿದ್ದು, ವೇಗ ಏರಿಸಿದ್ದು. ನೀವು ಕೊನೆಯವರೆಗೂ ಕೇಳಿದಿರಿ. ಎದ್ದು ಒಳಗೆ ಹೋದಿರಿ. ನಿಮ್ಮ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತಿದ್ದರು. ಅವರ ದನಿ ಏರಲಿಲ್ಲ.

"ಅವತ್ತ ಹೇಳಿದ್ದನ್ನ ಊರ ಮುಂದ ಹೇಳಿದ್ರಿ. ಇವತ್ತಿಂದನ್ನ ನಮ್ಮ ಕಿವ್ಯಾಗ ಹೇಳಾಕ ಬಂದೀರಿ. ಇದು ನಮಗ ಮೊದಲ ಗೊತ್ತಿತ್ತರೀ ಬಾಯಾರ. ಗೊತ್ತಿಲ್ಲದವರಿಗೆ ಹೇಳ್ರಿ, ಹೋಗ್ರಿ."

ಬಾಗಿಲು ಹಾಕಿಕೊಂಡರು.

ಮನೆಗೆ ಬಂದು, ಇಷ್ಟು ದಿನ ಅಳಿಸದೆ ಇಟ್ಟಿದ್ದ ಪೂರ್ತಿ ವಿಡಿಯೋವನ್ನು — ಅಡ್ಡವಾಗಿ, ಸದ್ದಿನೊಂದಿಗೆ, ನಿಜವಾದ ವೇಗದಲ್ಲಿ — ಅದೇ ಗುಂಪುಗಳಿಗೆ ಹಾಕಿದೆ. ಅದರಲ್ಲಿ ನನ್ನನ್ನು ನೋಡಬೇಕೆಂದರೆ ಫೋನನ್ನು ಅಡ್ಡ ಹಿಡಿಯಬೇಕು. ಯಾರೂ ಹಿಡಿಯಲಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, "ಹಳೇದ ಯಾಕ ತಗದ್ರಿ ಮೇಡಂ," ಎಂದರು. ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಶುಭಾಶಯ ಬಂದು ಅದು ಮೇಲೆ ಸರಿದು ಹೋಯಿತು. ಮೂರು ವರ್ಷದ ಹಿಂದೆ ಇದೇ ಜನ ಬಾಯಿ ಬಡಿದುಕೊಂಡಿದ್ದರು. ನನಗೆ ಸಿಟ್ಟು ಬಂತು. ಆದರೆ ಯಾವುದನ್ನು ಹೇಗೆ ಕೊಟ್ಟರೆ ಜನ ನೋಡುತ್ತಾರೆ ಎಂದು ಕಲಿತು, ಅದನ್ನೇ ನಿಮ್ಮ ಮೇಲೆ ತಿರುಗಿಸಿದವಳು ನಾನಲ್ಲವೇ.

ಹಾಗಾಗಿ ಊರವರೂ ಓದಲಿ ಎಂದು ಇದನ್ನು ಬರೆದೆ. ಪೂರ್ತಿ ವಿಡಿಯೋವನ್ನು ನಿಮ್ಮ ವಕೀಲರಿಗೂ ಕೊಟ್ಟಿದ್ದೇನೆ. ಅವರು ಅದನ್ನು ಎರಡು ಸಲ ನೋಡಿ, "ಇದರಿಂದ ನಿಮ್ಮ ಮ್ಯಾಲೆ ಕೇಸ್ ಆಗ್ತದ, ತಿಳದದ ಇಲ್ಲೋ?" ಎಂದು ಕೇಳಿದರು. ತಿಳಿದಿದೆ ಎಂದೆ. ಕೇಸು ಆದರೆ ಆಗಲಿ. ಅದರಿಂದ ನಿಮ್ಮ ಕಣ್ಣು ಬರುವುದಿಲ್ಲ, ನಿಮಗೆ ಗಾಡಿಯ ಕೀಲಿ ಕೊಡುವವರೂ ಬರುವುದಿಲ್ಲ. ಕ್ಷಮಿಸಿ ಎಂದು ಬರೆದಿದ್ದೆ, ಅಳಿಸಿದೆ. ಅದನ್ನು ಕೇಳಿದರೆ ಮತ್ತೆ ನಿಮ್ಮಿಂದ ಏನೋ ಒಂದನ್ನು ಕೇಳಿದಂತಾಗುತ್ತದೆ.

ಗಂಗವ್ವ, ಕೋರ್ಟಿನಲ್ಲಿ ಬಾಗಿಲು ತೆರೆದೇ ಇರುತ್ತದಂತೆ, ಯಾರು ಬೇಕಾದರೂ ಒಳಗೆ ಕುಳಿತು ಕೇಳಬಹುದಂತೆ. ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ನೀವು ಬಾರದಿದ್ದರೂ, ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.