ಎಕ್ಸ್‌ರೇ ಹಾಳೆಯ ಎಸ್

ಪೀಣ್ಯದ ಪಂಪ್ ಕಾರ್ಖಾನೆಯಲ್ಲಿ ಮರದ ಪೆಟ್ಟಿಗೆಗಳ ಮೇಲೆ ಅಚ್ಚಿಟ್ಟು ಬಣ್ಣದಲ್ಲಿ ಅಕ್ಷರ ಮೂಡಿಸೋದು ನನ್ನ ಕೆಲಸ. ನಂಬರ್ ಅನ್ನೋದನ್ನ ಇಂಗ್ಲಿಷಲ್ಲಿ ಎನ್, ಓ ಅಂತ ಎರಡೇ ಅಕ್ಷರದಲ್ಲಿ ಮುಗಿಸ್ತಾರೆ. ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಪಂಪ್ ಇದ್ದರೆ ಪಕ್ಕದಲ್ಲಿ ಒಂದು ಎಸ್ ಸೇರಿಸಬೇಕು. ಎನ್, ಓ ಅಚ್ಚು ತಗಡಿನವು. ಎಸ್ ಅಚ್ಚು ಮುರಿದುಹೋದಾಗ ನನ್ನ ಹೆಂಡತಿಯೇ ಬ್ಲೇಡಿನಲ್ಲಿ ಕತ್ತರಿಸಿ ಹೊಸದು ಮಾಡಿಕೊಟ್ಟಳು. ಆಸ್ಪತ್ರೆಯಲ್ಲಿ ತೆಗೆದಿದ್ದ ಅವಳದೇ ಎದೆಯ ಎಕ್ಸ್‌ರೇ ಹಾಳೆಯಲ್ಲಿ. "ನನಗಂತೂ ಉಪಯೋಗ ಆಗ್ಲಿಲ್ಲ, ನಿಮಗಾದ್ರೂ ಆಗ್ಲಿ" ಅಂತ ನಕ್ಕಳು.

ಅವಳು ಹೋದ ಮೇಲೆ ಕೆಲಸಕ್ಕೆ ಬಂದ ಮೊದಲ ದಿನ ನೋಡಿದೆ, ಹಾಳೆಯ ಅಂಚು ಸೀಳಿತ್ತು. ಇನ್ನೊಂದು ಸಲ ಬ್ರಷ್ ಆಡಿಸಿದರೆ ಹರಿದೇ ಹೋಗುತ್ತಿತ್ತು. ಎಸ್ ಬಿಟ್ಟುಬಿಟ್ಟೆ.

ಸರಕು ಕಳಿಸೋ ಗುಮಾಸ್ತರು ಬಂದರು. "ಏನಯ್ಯಾ, ಒಳಗೆ ಆರು ಪಂಪಿದೆ, ಎಸ್ ಎಲ್ಲಿ? ಬೊಂಬಾಯಿಯೋರು ವಾಪಸ್ ಕಳಿಸ್ಲಿ ಅಂತಾನಾ?"

ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ. ಎಸ್ ಸುತ್ತ ಪಕ್ಕೆಲುಬುಗಳು ಕಂಡವು.

"ಯಾರದಯ್ಯಾ ಇದು?"

"ನಮ್ಮ ಮನೆಯವಳದು ಸಾರ್."

"ತಗೊಂಡೋಗಿ ಮನೇಲಿಡು. ಎಸ್ ಕೈಯಲ್ಲೇ ಬರಿ" ಅಂದು ಹೊರಟರು.

ಹಾಳೆಯನ್ನು ದಾಸರಹಳ್ಳಿ ಮನೆಯ ಕಿಟಕಿಗೆ ಸಿಕ್ಕಿಸಿದೀನಿ. ಬೆಳಗ್ಗೆ ಬಿಸಿಲು ಬಿದ್ದರೆ ಗೋಡೆ ಮೇಲೆ ಎಸ್ ಮೂಡುತ್ತೆ. ಅದನ್ನು ನೋಡಿಕೊಂಡೇ ಕೆಲಸಕ್ಕೆ ಹೋಗ್ತೀನಿ. ಆದರೂ ಪೆಟ್ಟಿಗೆ ಮೇಲೆ ಕೆಲವು ಸಲ ಉಲ್ಟಾ ಬರೆದುಬಿಡ್ತೀನಿ. ಗುಮಾಸ್ತರು ಏನೂ ಅನ್ನಲ್ಲ. ಅವಳಿದ್ದಿದ್ದರೆ ಬಿಡ್ತಿರಲಿಲ್ಲ.